ಇವರನ್ನು ನೀವು ಬಲ್ಲಿರಾ?

ದಿಲ್ಲಿಯ ಪೀತಮ್‌ಪುರ ಕನ್ನಡ ಕೂಟದ ಕಾರ್ಯದರ್ಶಿ ಸ್ಥಾನಕ್ಕೆ ಇಂದುಶೇಖರರು ನಿಂತಿದ್ದಾರೆಂಬ ಸುದ್ದಿ ಹಬ್ಬಿದಾಗ ಸದಸ್ಯರಲ್ಲಿ ಅರ್ಧ ಜನ "ಇಂದುಶೇಖರ ಅಂದ್ರೆ ಯಾರು?" ಎಂದು ಕೇಳಿದರು. ಇನ್ನರ್ಧ ಜನ "ಓಹೋ, ಗೊತ್ತು ಗೊತ್ತು" ಎಂದು ತಲೆಯಾಡಿಸಿ, ಲೋಧಿ ಕಾಲೋನಿಯಲ್ಲಿದ್ದ ಚಂದ್ರಶೇಖರ ಎಂಬ ಬೇರೊಬ್ಬರ ಗುಣಗಾನ ಮಾಡಿದರು.

ಇದರಲ್ಲಿ ಯಾರದೂ ತಪ್ಪಿಲ್ಲ. ದೇವರು ಕೆಲವರಿಗೆ ಒಮ್ಮೆ ನೋಡಿದರೆ ಮರೆಯಲಾಗದ ಮೂಗು ಕೊಡುತ್ತಾನೆ, ಕೆಲವರಿಗೆ ಹುಬ್ಬು ಕೊಡುತ್ತಾನೆ, ಏನೂ ಇಲ್ಲದಿದ್ದರೆ ಒಂದು ಮಚ್ಚೆಯನ್ನಾದರೂ ಇಡುತ್ತಾನೆ. ಇಂದುಶೇಖರರಿಗೆ ಮಾತ್ರ ಎಲ್ಲವನ್ನೂ ಹದವಾಗಿ ಕೊಟ್ಟು, ಒಂದೂ ನೆನಪಿನಲ್ಲಿ ಉಳಿಯದಂತೆ ಮಾಡಿದ್ದ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅವರು ಅಸಿಸ್ಟೆಂಟ್ ಆಗಿ ತಲೆ ನರೆಸಿಕೊಂಡಿದ್ದರೂ ಗೇಟಿನ ಗಾರ್ಡು ದಿನವೂ ಪಾಸ್ ಕೇಳುತ್ತಿದ್ದ. ಕೂಟದ ಗಣೇಶ ಹಬ್ಬದ ಊಟದಲ್ಲಿ ಮೊದಲ ಪಂಕ್ತಿಯಿಂದ ಕೊನೆಯ ಪಂಕ್ತಿಯವರೆಗೆ ಸೊಂಟ ಬಗ್ಗಿಸಿ ಕೋಸಂಬರಿ ಬಡಿಸಿದವರು ಅವರೇ. ಸಂಜೆಯ ವಂದನಾರ್ಪಣೆಯಲ್ಲಿ ಶಾಮಿಯಾನದವನ ಹೆಸರು ಬಂತು, ಜನರೇಟರ್ ಭಯ್ಯಾನ ಹೆಸರು ಬಂತು, ಇಂದುಶೇಖರರ ಹೆಸರು ಬರಲಿಲ್ಲ. ಚುನಾವಣೆಗೆ ನಿಲ್ಲುವ ಛಲ ಹುಟ್ಟಿದ್ದು ಆ ಕೋಸಂಬರಿಯಲ್ಲಿ.

ಎದುರಾಳಿ ದೇವೇಂದ್ರಪ್ಪ. ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಪರ್ಚೇಸ್ ಮ್ಯಾನೇಜರ್; ಕೂಟಕ್ಕೆ ಹಲವು ವರ್ಷಗಳಿಂದ ಕಾರ್ಯದರ್ಶಿ. ಅವರು ಈ ಸಲ ಫ್ಲೆಕ್ಸ್ ಹಾಕಿಸಿದ್ದರು. ಫ್ಲೆಕ್ಸಿನಲ್ಲಿ ಹಿಂದೆ ವಿಧಾನಸೌಧ, ಅದರ ಪಕ್ಕದಲ್ಲೇ ಧುಮುಕುವ ಜೋಗ, ಮೇಲೆ ಉದಯಿಸುವ ಸೂರ್ಯ, ಸೂರ್ಯನ ನಡುವೆ ಕೈಮುಗಿದ ದೇವೇಂದ್ರಪ್ಪ. ಅಕ್ಷರಗಳಿಗೆ ನೆರಳಿತ್ತು, ನೆರಳಿಗೆ ಅಂಚಿತ್ತು, ಅಂಚಿಗೆ ಮಿನುಗಿತ್ತು. ಅದನ್ನು ನೋಡಿದವರು "ಅಬ್ಬಾ!" ಎನ್ನುತ್ತಿದ್ದರು, ಏನು ಬರೆದಿದೆ ಎಂದು ಕೇಳಿದರೆ ಇನ್ನೊಮ್ಮೆ ನೋಡಿ ಬರಬೇಕು ಎನ್ನುತ್ತಿದ್ದರು.

ಇದೇ ಹೊತ್ತಿಗೆ ಇಂದುಶೇಖರರ ಮಗಳು ಹರ್ಷಿಣಿ ಎರಡು ದಿನದ ರಜೆಗೆ ಮನೆಗೆ ಬಂದಳು. ಆಕೆ ಗುಡಗಾಂವ್ ಕಡೆಯ ಡಿಸೈನ್ ಕಾಲೇಜೊಂದರಲ್ಲಿ ಓದುತ್ತಿದ್ದಳು. ಕಾಲೇಜಿನಲ್ಲಿ ಮಾಡಬೇಕಾದ ಭಾಷಣವನ್ನು ಅಪ್ಪ ಅಮ್ಮನ ಮುಂದೆ ಅಭ್ಯಾಸ ಮಾಡಿದಳು. ಪೀತಮ್‌ಪುರಕ್ಕೆ ಮೆಟ್ರೋ ಬಂದ ಹೊಸತು. ಅಲ್ಲಿನ ಬಾಣದ ಗುರುತುಗಳೇ ಅವಳ ಉದಾಹರಣೆ.

"ಗ್ರಾಫಿಕ್ ಡಿಸೈನ್ ಅಂದ್ರೆ ಚಂದ ಮಾಡೋದಲ್ಲ ಪಪ್ಪಾ. ಓದೋಕೆ ಬರದೇ ಇರೋನಿಗೂ ಮೂರು ಸೆಕೆಂಡಲ್ಲಿ ಸಮಝ್ ಆಗ್ಬೇಕು, ಏನು ಮಾಡ್ಬೇಕು ಅಂತ. ಔರ್ ದಿಲ್ ಮೇ ಕುಛ್ ಹೋನಾ ಚಾಹಿಯೇ, ಎದೆಯಲ್ಲಿ ಏನಾದ್ರೂ ಆಗ್ಬೇಕು. ಒಂದೇ ಚಿತ್ರ, ಒಂದೇ ಮಾತು, ಸುತ್ತ ಖಾಲಿ ಜಾಗ. ಬಸ್."

ಅವಳ ತಾಯಿ ವಿಮಲಾ ಅವರೆಕಾಳು ಬಿಡಿಸುತ್ತಾ "ಚೆನ್ನಾಗಿದೆ ಕಂದಾ" ಎಂದರು. ಇಂದುಶೇಖರರು ಗೋಡೆಯನ್ನು ನೋಡುತ್ತಾ ಕುಳಿತಿದ್ದರು. ಆ ಗೋಡೆಯ ಮೇಲೆ ಆಗಲೇ ಅವರಿಗೆ ಒಂದು ಚಿತ್ರ, ಒಂದು ಮಾತು, ಸುತ್ತ ಖಾಲಿ ಜಾಗ ಕಾಣಿಸುತ್ತಿತ್ತು. ಮರುದಿನ ಹರ್ಷಿಣಿ ಹಾಸ್ಟೆಲ್ಲಿಗೆ ಹೊರಟುಹೋದಳು. ಹೋಗುವಾಗ ಅರ್ಧ ವಿದ್ಯೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೇನೆ ಎಂಬ ಅರಿವು ಪಾಪ ಅವಳಿಗಿರಲಿಲ್ಲ.

ಅರ್ಧ ವಿದ್ಯೆಯ ಒಂದು ದೊಡ್ಡ ಅನುಕೂಲವೆಂದರೆ ಅದು ಯಾರನ್ನೂ ಏನನ್ನೂ ಕೇಳಲು ಬಿಡುವುದಿಲ್ಲ. ಇಂದುಶೇಖರರು ನೇರವಾಗಿ ಮಾರ್ಕೆಟ್ಟಿನ ಜೆರಾಕ್ಸ್ ಅಂಗಡಿಗೆ ಹೋದರು. ರೇಷನ್ ಕಾರ್ಡಿಗೆಂದು ತೆಗೆಸಿದ್ದ ಒಂದು ಫೋಟೋ ಅವರ ಬಳಿ ಇತ್ತು. ಫ್ಲಾಶ್ ಹೊಡೆದ ಗಳಿಗೆಯಲ್ಲಿ ಯಾರೋ ಹಿಂದಿನಿಂದ ಹೆಸರು ಹಿಡಿದು ಕೂಗಿದಂತೆ ಕಣ್ಣರಳಿಸಿದ್ದರು. ಎಡಗಡೆಯ ಕೂದಲು ಎದ್ದು ನಿಂತಿತ್ತು. ಆ ಫೋಟೋವನ್ನು ದೊಡ್ಡದು ಮಾಡಿಸಿ ಹಾಳೆಯ ನಡುವೆ ಕೂರಿಸಿದರು. ಮೇಲೆ "ಇವರನ್ನು ನೀವು ಬಲ್ಲಿರಾ?" ಎಂಬ ಪ್ರಶ್ನೆ. ಕೆಳಗೆ "ಇಂದುಶೇಖರ" ಎಂಬ ಹೆಸರು. ಅದರ ಕೆಳಗೆ, ಮತದಾರರು ಯಾವ ಹೊತ್ತಿನಲ್ಲಾದರೂ ಸಂಪರ್ಕಿಸಲೆಂದು, ಮನೆಯ ಫೋನ್ ನಂಬರ್, ಒಂದೊಂದು ಅಂಕಿಯೂ ಹೆಬ್ಬೆರಳಿನಷ್ಟು.

"ಸಾಬ್, ಬಣ್ಣ ಹಾಕಲಾ? ಒಂದು ಹೂವು? ಬಾರ್ಡರ್?" ಎಂದು ಅಂಗಡಿಯ ಗುಪ್ತಾ ಹಿಂದಿಯಲ್ಲಿ ಕೇಳಿದ.

"ಬೇಡ. ಕಪ್ಪು ಬಿಳುಪು. ಸುತ್ತ ಖಾಲಿ ಜಾಗ ಬಿಡು. ಖಾಲಿ ಜಾಗ ಮಾತಾಡ್ತದೆ."

ಗುಪ್ತಾ ಫೋಟೋವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ, ಏನೋ ಕೇಳಬೇಕೆಂದುಕೊಂಡು ಬಾಯಿ ಮುಚ್ಚಿಕೊಂಡ. ಗಿರಾಕಿಯ ಮನೆಯ ಕಷ್ಟದಲ್ಲಿ ಮೂಗು ತೂರಿಸುವವನಲ್ಲ ಅವನು.

ಭಾನುವಾರ ಇಂದುಶೇಖರರು ಮೈದಾ ಗೋಂದಿನ ಡಬ್ಬಿ ಹಿಡಿದು ತಾವೇ ಹೊರಟರು. ಮೆಟ್ರೋ ಕಂಬಗಳು, ಹಾಲಿನ ಬೂತು, ತರಕಾರಿ ಮಂಡಿ, ಬಸ್ ಸ್ಟಾಪು, ಯಾವುದನ್ನೂ ಬಿಡಲಿಲ್ಲ. ದಿಲ್ಲಿಯಲ್ಲಿ ಕನ್ನಡಿಗ ಯಾವ ಗೋಡೆಯ ಮುಂದೆ ಹಾದುಹೋಗುತ್ತಾನೆಂದು ಹೇಳಲು ಬರುವುದಿಲ್ಲ. ಆದ್ದರಿಂದ ಎಲ್ಲ ಗೋಡೆಗೂ ಅಂಟಿಸಿದರು. ಹುರುಪಿನಲ್ಲಿ ಶಾಲಿಮಾರ್ ಬಾಗ್ ದಾಟಿ ರೋಹಿಣಿಯವರೆಗೂ ಹೋಗಿಬಂದರು.

ಇಲ್ಲೊಂದು ಸಂಗತಿಯನ್ನು ಓದುಗರ ಗಮನಕ್ಕೆ ತರಬೇಕು. ಆ ಗೋಡೆಗಳ ಮುಂದೆ ಓಡಾಡುವವರಲ್ಲಿ ಕನ್ನಡ ಬಲ್ಲವರು ಊಟದಲ್ಲಿ ಉಪ್ಪಿನಕಾಯಿಯಷ್ಟು. ಮಿಕ್ಕವರು ಪಂಜಾಬಿಗಳು, ಹರಿಯಾಣದವರು, ಬಿಹಾರದವರು. ಅವರ ಕಣ್ಣಿಗೆ ನಮ್ಮ ಅಕ್ಷರಗಳು ಜಿಲೇಬಿ. ಜಿಲೇಬಿಯನ್ನು ಬಿಟ್ಟರೆ ಹಾಳೆಯಲ್ಲಿ ಅವರಿಗೆ ಕಂಡದ್ದು ಒಂದು ದಿಗಿಲುಬಿದ್ದ ಮುಖ, ಒಂದು ದೊಡ್ಡ ಫೋನ್ ನಂಬರ್. ದಿಲ್ಲಿಯಲ್ಲಿ ಹುಟ್ಟಿದ ಕೂಸೂ ಇಂಥ ಹಾಳೆಯನ್ನು ಗುರುತಿಸುತ್ತದೆ. ಅದಕ್ಕೆ "ಗುಮ್‌ಶುದಾ ಕೀ ತಲಾಶ್" ಎನ್ನುತ್ತಾರೆ. ಅಂದರೆ, ಕಾಣೆಯಾದವರ ಹುಡುಕಾಟ.

ಮೊದಲ ಫೋನ್ ಸೋಮವಾರ ಸಂಜೆ ಬಂತು. ಎತ್ತಿದವರು ವಿಮಲಾ.

"ಬೆಹೆನ್‌ಜೀ, ಘಬರಾಯಿಯೇ ಮತ್! ಆದ್ಮಿ ಮಿಲ್ ಗಯಾ!" ಗಾಬರಿಯಾಗಬೇಡಿ, ಮನುಷ್ಯ ಸಿಕ್ಕಿದ ಎಂದಿತು ಒಂದು ಗಂಡು ಧ್ವನಿ.

"ಕೌನ್ ಆದ್ಮಿ?"

"ಅರೇ, ಆಪ್ ಕಾ ಆದ್ಮಿ!" ಎಂದ ಆ ಧ್ವನಿ ಹಿಂದಿಯಲ್ಲಿ ಮುಂದುವರಿಸಿತು, "ಇಲ್ಲೇ ಚೌಕದಲ್ಲಿ ಆಲೂ ಟಿಕ್ಕಿ ಗಾಡಿಯ ಮುಂದೆ ನಿಂತಿದ್ದಾರೆ. ಎರಡನೇ ಪ್ಲೇಟು ನಡೀತಿದೆ. ಪಾಪ, ಎಷ್ಟು ದಿನದಿಂದ ಊಟ ಕಂಡಿಲ್ಲವೋ!"

ಡಾಕ್ಟರು ಇಂದುಶೇಖರರಿಗೆ ಸಕ್ಕರೆ ಕಾಯಿಲೆಯೆಂದು ಹೇಳಿ ಎಣ್ಣೆ, ಆಲೂಗಡ್ಡೆ ಎರಡನ್ನೂ ಬಿಡಿಸಿದ್ದರು. ಗಂಡ ಬೆಳಗ್ಗೆ "ಇವತ್ತು ಕಚೇರಿ ಮುಗಿಸಿ ಪ್ರಚಾರ, ಉಪವಾಸ ಬಿದ್ದಾದ್ರೂ ಗೆಲ್ತೀನಿ" ಎಂದು ಹೇಳಿ ಹೋಗಿದ್ದರು.

"ಭಾಯೀ ಸಾಬ್," ಎಂದರು ವಿಮಲಾ ಶಾಂತವಾಗಿ, "ಉನ್ ಕೋ ಪಕಡ್ ಕೇ ರಖಿಯೇ. ಹಿಡ್ಕೊಂಡಿರಿ, ಬಿಡಬೇಡಿ. ವಿಳಾಸ ಬರ್ಕೊಳ್ಳಿ."

ಆ ರಾತ್ರಿ ಇಂದುಶೇಖರರು ಮನೆಗೆ ಬಂದದ್ದು ಗೆದ್ದ ಸೇನಾಪತಿಯಂತೆ. "ಕೇಳಿಲ್ಲಿ ವಿಮಲಾ! ಚೌಕದಲ್ಲಿ ಐದಾರು ಜನ ಸುತ್ತುಗಟ್ಟಿದ್ರು. ಕೈ ಹಿಡ್ಕೊಂಡ್ರು, ಬಿಡ್ಲೇ ಇಲ್ಲ! ಒಬ್ಬ ಸರ್ದಾರ್ಜಿ ನನ್ನನ್ನ ಸ್ಕೂಟರಲ್ಲಿ ಕೂರಿಸಿಕೊಂಡು ಮನೆ ಬಾಗಿಲಿಗೆ ಬಿಟ್ಟುಹೋದ. ನನ್ನ ಮುಖ ನೋಡಿ ಗುರುತು ಹಿಡಿದ್ರು ಕಣೇ! ಪೋಸ್ಟರ್ ಅಂದ್ರೆ ಅದು!"

"ಚೌಕದಲ್ಲಿ ಏನ್ ಮಾಡ್ತಿದ್ರಿ?"

"ಜನಸಂಪರ್ಕ."

"ಪುದೀನಾ ಚಟ್ನಿ ಶರ್ಟಿನ ಮೇಲಿದೆ."

ಮರುದಿನ ಎರಡು ಫೋನ್ ಬಂದವು, ಅದರ ಮರುದಿನ ಇನ್ನೂ ಹೆಚ್ಚು. ಒಬ್ಬಾಕೆ "ಮನೆಗೆ ಬಂದ ಮೇಲೆ ಬೈಬೇಡಿ ದೀದಿ, ಇಂಥವರನ್ನ ಪ್ರೀತಿಯಿಂದ ನೋಡ್ಕೋಬೇಕು" ಎಂದು ಬುದ್ಧಿ ಹೇಳಿದಾಗ ವಿಮಲಾಗೆ ಸಂಗತಿಯೆಲ್ಲ ಹೊಳೆದುಹೋಯಿತು. ಹೊಳೆದದ್ದನ್ನು ಅವರು ಗಂಡನಿಗೆ ಹೇಳಲಿಲ್ಲ. ಮದುವೆಯಾದಂದಿನಿಂದ ಈ ಮನುಷ್ಯ ಹೊರಗೆ ಏನು ತಿನ್ನುತ್ತಾರೆಂದು ತಿಳಿಯಲು ಅವರಿಗೆ ಸಾಧ್ಯವಾಗಿರಲಿಲ್ಲ. ಈಗ ದಿಲ್ಲಿ ಮಹಾನಗರವೇ ಫೋನ್ ಮಾಡಿ ವರದಿ ಒಪ್ಪಿಸುತ್ತಿತ್ತು. ಇಂಥ ಅನುಕೂಲವನ್ನು ಯಾವ ಗೃಹಿಣಿ ತಾನೇ ಕೈಯಾರೆ ಕಳೆದುಕೊಳ್ಳುತ್ತಾಳೆ?

ಇತ್ತ ಇಂದುಶೇಖರರ ಜನಪ್ರಿಯತೆ ಏರುತ್ತಲೇ ಹೋಯಿತು. ಮೆಟ್ರೋದಲ್ಲಿ ಒಬ್ಬ ಹೆಂಗಸು ಅವರನ್ನು ನೋಡಿದವಳೇ ಎದ್ದು ಸೀಟು ಬಿಟ್ಟುಕೊಟ್ಟಳು. ಬ್ಯಾಗಿನಿಂದ ಬಾಳೆಹಣ್ಣು ತೆಗೆದು, ಸಿಪ್ಪೆ ಸುಲಿದು, ಕೈಗಿಟ್ಟಳು. ಅಕ್ಕಪಕ್ಕದವರು ಕತ್ತು ಚಾಚಿದರು. ಆಕೆ ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಕೇಳಿದಳು:

"ಅಂಕಲ್‌ಜೀ, ನಾಮ್ ಯಾದ್ ಹೈ?"

ಹೆಸರು ನೆನಪಿದೆಯೇ ಎಂದು ಕೇಳಿದ್ದು. ಇಂದುಶೇಖರರು ಕೈಮುಗಿದರು. "ನೀವು ನೆನಪಿಟ್ಟುಕೊಂಡರೆ ಸಾಕಮ್ಮ" ಎಂದರು ಹಿಂದಿಯಲ್ಲಿ, ಅಭ್ಯರ್ಥಿಗೆ ತಕ್ಕ ವಿನಯದಿಂದ.

ಆಕೆಯ ಕಣ್ಣಲ್ಲಿ ನೀರಾಡಿತು. "ಘರ್ ಜಾನಾ ಹೈ?" ಮನೆಗೆ ಹೋಗಬೇಕೇ ಎಂದಳು.

"ಘರ್?" ಇಂದುಶೇಖರರು ಎದೆಯುಬ್ಬಿಸಿ ಇಡೀ ಬೋಗಿಗೆ ಕೇಳುವಂತೆ ಹೇಳಿದರು, "ಘರ್ ಘರ್ ಜಾನಾ ಹೈ! ಒಂದು ಮನೇನೂ ಬಿಡೋದಿಲ್ಲ!"

ಬೋಗಿಯಲ್ಲಿದ್ದವರೆಲ್ಲ ಒಮ್ಮೆಲೇ ನಿಟ್ಟುಸಿರುಬಿಟ್ಟರು. ಮುದುಕನೊಬ್ಬ "ಹೇ ರಾಮ್, ಎಷ್ಟು ಮನೆ ಅಲೆದಿದ್ದಾನೋ" ಎಂದ. ನಾಲ್ಕು ಜನ ಸೇರಿ ಅವರನ್ನು ಪೀತಮ್‌ಪುರ ಸ್ಟೇಷನ್ನಿನಲ್ಲಿ ಇಳಿಸಿ, ಮನೆಯವರೆಗೂ ಕೈಹಿಡಿದು ನಡೆಸಿಕೊಂಡು ಬಂದರು. ಅದನ್ನು ಮೆರವಣಿಗೆಯೆಂದೇ ತಿಳಿದ ಇಂದುಶೇಖರರು ದಾರಿಯುದ್ದಕ್ಕೂ ಎರಡೂ ಕಡೆಗೆ ಕೈಬೀಸಿದರು.

ಕೆಳಗಿನ ಮನೆಯ ಮಿಸೆಸ್ ಅಹುಜಾ ಒಂದು ಸಂಜೆ ಮೂಲಂಗಿ ಪರಾಠದ ಡಬ್ಬಿ ಹಿಡಿದು, ತಲೆಯ ಮೇಲೆ ಸೆರಗು ಹೊದ್ದು, ವಿಮಲಾಗೆ ಸಮಾಧಾನ ಹೇಳಲು ಬಂದರು. ಬಾಗಿಲು ತೆರೆದವರು ಇಂದುಶೇಖರರೇ. ಮಿಸೆಸ್ ಅಹುಜಾ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕಿಟ್ಟರು. ಆಮೇಲೆ ಒಳಗೆ ಬಂದು, ವಿಮಲಾರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಯಾವಾಗ ಬಂದ್ರು? ಎಲ್ಲಿದ್ರಂತೆ? ಏನೂ ಕೇಳಬೇಡಿ ಈಗ. ಪರಾಠ ತಿನ್ನಿಸಿ, ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ" ಎಂದು ಪಿಸುಗುಟ್ಟಿದರು.

ಕೂಟದ ಕನ್ನಡಿಗರಾದರೂ ಅರ್ಥಮಾಡಿಕೊಂಡರೇ? ಅವರಿಗೆ ಓದಲು ಬರುತ್ತಿತ್ತು ನಿಜ. ಆದರೆ ಓದಿದರೆ ಏನಿತ್ತು? "ಇವರನ್ನು ನೀವು ಬಲ್ಲಿರಾ?" ಎಂಬ ಪ್ರಶ್ನೆ. ಚುನಾವಣೆ, ಮತ, ಕಾರ್ಯದರ್ಶಿ ಎಂಬ ಒಂದು ಪದವೂ ಇಲ್ಲ. ಖಾಲಿ ಜಾಗ ಮಾತಾಡಲೆಂದು ಇಂದುಶೇಖರರು ಅವನ್ನೆಲ್ಲ ಬಿಟ್ಟಿದ್ದರು. ಖಾಲಿ ಜಾಗ ಮಾತಾಡಿತು, ಏನೇನೋ ಮಾತಾಡಿತು. ಗುರುವಾರ ಸಂಜೆ ದೇವೇಂದ್ರಪ್ಪನವರೇ ಫೋನ್ ಮಾಡಿ, "ವಿಮಲಾ ಅವರೇ, ಪೈಪೋಟಿ ಬೇರೆ, ಮನುಷ್ಯತ್ವ ಬೇರೆ. ಕಾರು ಬೇಕಾದ್ರೆ ಹೇಳಿ, ಹರಿದ್ವಾರದವರೆಗೂ ಹುಡುಕೋಣ" ಎಂದರು. ಮನೆಯಲ್ಲೇ ಇದ್ದಾರೆಂದು ವಿಮಲಾ ಹೇಳಬೇಕಾಯಿತು.

ಶುಕ್ರವಾರ ಹರ್ಷಿಣಿ ಮನೆಗೆ ಬಂದಳು. ಮೆಟ್ರೋ ಮೆಟ್ಟಿಲಿಳಿಯುವಾಗ ಕಂಬದ ಮೇಲೆ ಅಪ್ಪನ ಮುಖ ಕಂಡಿತ್ತು. ಮನೆಯೊಳಗೆ ಓಡಿಬಂದರೆ ಅಪ್ಪ ಚಾಪೆಯ ಮೇಲೆ ಕುಳಿತು ಗೋಂದು ಕಲಸುತ್ತಿದ್ದರು.

"ಪಪ್ಪಾ! ಯೇ ಕ್ಯಾ ಹೈ! ನೀನು ಗುಮ್‌ಶುದಾ ಪೋಸ್ಟರ್ ಮಾಡಿದ್ದೀಯಾ! ಎಲ್ಲರೂ ನೀನು ಖೋ ಗಯಾ, ಕಳೆದುಹೋದೆ ಅಂದ್ಕೊಂಡಿದ್ದಾರೆ!"

ಇಂದುಶೇಖರರ ಕೈ ಗೋಂದಿನಲ್ಲೇ ನಿಂತಿತು. ಟಿಕ್ಕಿ ಗಾಡಿ, ಬಾಳೆಹಣ್ಣು, ಮೆರವಣಿಗೆ, ಒಂದೊಂದೇ ಅವರ ಮುಖದ ಮೇಲೆ ಹಾದುಹೋದವು. ವಿಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇನ್ನು ಇವರು ಒಂದು ವಾರ ಮಂಕು ಬಡಿದವರಂತೆ ಕೂರುತ್ತಾರೆ ಎಂದುಕೊಂಡರು.

"ಹರ್ಷಿಣಿ," ಎಂದರು ಇಂದುಶೇಖರರು ಕೊನೆಗೆ, "ಓದೋಕೆ ಬರದವರಿಗೂ ಅರ್ಥ ಆಗ್ಬೇಕು ಅಂದಿದ್ದೆ. ಆಯ್ತೋ ಇಲ್ವೋ?"

"ಆಯ್ತು, ಮಗರ್ ತಪ್ಪಾಗಿ..."

"ಏನು ಮಾಡ್ಬೇಕು ಅಂತ ತಿಳೀಬೇಕು ಅಂದಿದ್ದೆ. ಫೋನ್ ಮಾಡಿದ್ರೋ ಇಲ್ವೋ?"

"ಮಾಡಿದ್ರು, ಲೇಕಿನ್..."

"ಎದೆಯಲ್ಲಿ ಏನಾದ್ರೂ ಆಗ್ಬೇಕು ಅಂದಿದ್ದೆ. ಆ ಹೆಂಗಸು ಅತ್ತಳಮ್ಮಾ! ದೇವೇಂದ್ರಪ್ಪನ ಫ್ಲೆಕ್ಸ್ ನೋಡಿ ಒಬ್ಬರಾದ್ರೂ ಅತ್ತಿದ್ದಾರಾ?"

ಮೂರು ವರ್ಷ ಡಿಸೈನ್ ಓದಿದ ಹುಡುಗಿ ಪೋಸ್ಟರ್ ಕೀಳಿಸಲು ಪಟ್ಟುಹಿಡಿದಳು, ಅವರು ಒಪ್ಪಲಿಲ್ಲ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಓಡಾಡಿದ ಮನುಷ್ಯ, ಊರೆಲ್ಲ ತನ್ನನ್ನು ಹುಡುಕುತ್ತಿರುವಾಗ ಅದನ್ನು ಬೇಡವೆನ್ನುವುದು ಹೇಗೆ? ವಿಮಲಾ ಕೂಡ, ತಮ್ಮದೇ ಕಾರಣಕ್ಕೆ, "ಇರ್ಲಿ ಬಿಡೇ" ಎಂದರು.

ಚುನಾವಣೆಯ ಭಾನುವಾರ ಬಂತು. ಕೊರೆಯುವ ಚಳಿ. ಶಾಲೆಯೊಂದರ ಸಭಾಂಗಣದಲ್ಲಿ ಸರ್ವಸದಸ್ಯರ ಸಭೆ, ಕೈ ಎತ್ತಿ ಮತದಾನ, ಆಮೇಲೆ ಬಿಸಿಬೇಳೆಬಾತು. ವಿಮಲಾ ಮತ್ತು ಹರ್ಷಿಣಿ ಊಟದ ಏರ್ಪಾಡಿಗೆಂದು ಮುಂಚೆಯೇ ಹೋಗಿದ್ದರು. ಇಂದುಶೇಖರರು ಮಡಿ ಪಂಚೆ, ಜುಬ್ಬ, ಹೆಗಲಿಗೆ ಜರಿ ಶಲ್ಯ ಹಾಕಿಕೊಂಡು, ಪರ್ಸನ್ನು ಪ್ಯಾಂಟಿನಲ್ಲೇ ಮರೆತು, ಗೆಲುವಿನ ಭಾಷಣವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಪಾರ್ಕಿನ ದಾರಿ ಹಿಡಿದರು.

ಪಾರ್ಕಿನಲ್ಲಿ ಬೆಳಗಿನ ವಾಕಿಂಗಿನ ಇಬ್ಬರು ಪಂಜಾಬಿ ಹಿರಿಯರು ಬೆಂಚಿನ ಮೇಲೆ ಕುಳಿತಿದ್ದರು. ನಡುಗುವ ಚಳಿಯಲ್ಲಿ ಕಾಲಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ಅರಿಯದ ಭಾಷೆಯಲ್ಲಿ ತನ್ನಷ್ಟಕ್ಕೆ ತಾನೇ ಮಾತಾಡುತ್ತಾ, ನಡುನಡುವೆ ಮರಗಳಿಗೆ ಕೈಮುಗಿಯುತ್ತಾ ಬರುತ್ತಿದ್ದ ವ್ಯಕ್ತಿಯೊಬ್ಬ ಅವರಿಗೆ ಕಂಡ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರ ಹಿಂದಿನ ಕಂಬದ ಮೇಲೆಯೇ ಪೋಸ್ಟರ್ ಇತ್ತು.

ಹತ್ತು ನಿಮಿಷದಲ್ಲಿ ಇಂದುಶೇಖರರು ಆಟೋದಲ್ಲಿ ಇಬ್ಬರ ನಡುವೆ ಕುಳಿತು ಪೊಲೀಸ್ ಠಾಣೆ ಸೇರಿದ್ದರು.

"ನಾನು ಕಳೆದುಹೋಗಿಲ್ಲ ಸಾರ್!" ಎಂದು ಅವರು ಠಾಣಾಧಿಕಾರಿ ದಹಿಯಾ ಅವರ ಮುಂದೆ ಹಿಂದಿಯಲ್ಲಿ ಬೇಡಿಕೊಂಡರು.

"ಎಲ್ಲರೂ ಹಾಗೇ ಹೇಳ್ತಾರೆ" ಎಂದರು ಹಿರಿಯರಲ್ಲಿ ಒಬ್ಬರು. "ಕಾಯಿಲೇನೇ ಅದು."

"ಐ-ಕಾರ್ಡ್?" ಎಂದರು ದಹಿಯಾ.

"ಪ್ಯಾಂಟಿನಲ್ಲಿದೆ."

ದಹಿಯಾ ಪಂಚೆಯನ್ನು ನೋಡಿದರು. "ಪ್ಯಾಂಟ್ ಎಲ್ಲಿದೆ?"

ಈ ಪ್ರಶ್ನೆಗೆ ಇಂದುಶೇಖರರು ಕೊಟ್ಟ ಉತ್ತರ ಪೊಲೀಸರ ಅನುಮಾನವನ್ನು ಇನ್ನಷ್ಟು ಗಟ್ಟಿಮಾಡಿತು. ದಹಿಯಾ ನಿಟ್ಟುಸಿರುಬಿಟ್ಟು ಕಾನ್‌ಸ್ಟೇಬಲ್‌ಗೆ ಚಹಾ ತರಲು ಹೇಳಿದರು. ಅವರೇನೂ ಕಠಿಣ ಮನುಷ್ಯರಲ್ಲ. ಈ ಮುಖದ ವಿಷಯವಾಗಿ ವಾರವಿಡೀ ಠಾಣೆಗೂ ಫೋನ್ ಬಂದು ಬಂದು ಅವರ ಕಿವಿ ಸೋತಿತ್ತು. ಕೇಸು ಮುಗಿದರೆ ಸಾಕಾಗಿತ್ತು. "ಮನೆಯವರು ಬಂದು ಗುರುತಿಸಿದರೆ ಬಿಡ್ತೀನಿ" ಎಂದು, ಇಂದುಶೇಖರರು ಹೇಳಿದ ಹರ್ಷಿಣಿಯ ಮೊಬೈಲಿಗೆ ಫೋನ್ ಮಾಡಿದರು.

ಸಭಾಂಗಣದಲ್ಲಿ ಅಷ್ಟು ಹೊತ್ತಿಗೆ ಕೆಂಪಣ್ಣನವರು ಗಡಿಯಾರ ನೋಡುತ್ತಿದ್ದರು. ಅವರು ನಿವೃತ್ತ ಸೆಕ್ಷನ್ ಆಫೀಸರ್, ಕೂಟದ ಚುನಾವಣಾಧಿಕಾರಿ. ನಿಯಮಾವಳಿಯನ್ನು ಗೀತೆಯಂತೆ ಬಾಯಿಪಾಠ ಮಾಡಿದವರು. ಅಭ್ಯರ್ಥಿ ಬರದಿದ್ದರೆ ಎದುರಾಳಿ ಅವಿರೋಧವಾಗಿ ಗೆದ್ದಂತೆ ಎಂದು ಅವರು ಘೋಷಿಸಲು ಎದ್ದ ಹೊತ್ತಿಗೇ ಹರ್ಷಿಣಿ ಫೋನ್ ಹಿಡಿದು ಕೂಗಿದಳು, "ಅಮ್ಮಾ! ಪಪ್ಪಾ ಥಾಣೇ ಮೇ ಹೈ!"

ಸಭೆಯಲ್ಲಿ ಕೋಲಾಹಲವೆದ್ದಿತು. ಕನ್ನಡಿಗರು ಒಂದಾಗುವುದಿಲ್ಲ ಎನ್ನುವವರು ಅಂದು ಪೀತಮ್‌ಪುರದಲ್ಲಿರಬೇಕಿತ್ತು. "ನಮ್ಮವನೊಬ್ಬನನ್ನ ಪೊಲೀಸರು ಹಿಡಿದಿದ್ದಾರೆ!" ಎಂಬ ಒಂದೇ ಮಾತಿಗೆ ಮುದುಕರು, ಮಕ್ಕಳು, ಬಿಸಿಬೇಳೆಬಾತಿನ ಸೌಟು ಹಿಡಿದಿದ್ದವರು, ಎಲ್ಲರೂ ಬೀದಿಗಿಳಿದರು. ಎಲ್ಲರಿಗಿಂತ ಮುಂದೆ ದೇವೇಂದ್ರಪ್ಪ.

ಠಾಣೆಯ ಅಂಗಳ ತುಂಬಿಹೋಯಿತು. ದಹಿಯಾ ಹೊರಗೆ ಬಂದು ಗಾಬರಿಯಾದರು. ಕಾಣೆಯಾದವರಿಗೆ ಒಬ್ಬ ವಾರಸುದಾರ ಸಿಗುವುದೇ ಕಷ್ಟ. ಈ ಮನುಷ್ಯನಿಗೆ ಇಡೀ ಜಾತ್ರೆಯೇ ಬಂದಿದೆ. ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು, ಅದೂ ಕನ್ನಡದಲ್ಲಿ. ದಹಿಯಾ ಲಾಠಿಯಿಂದ ಜಗಲಿಯ ಕಂಬ ಕುಟ್ಟಿದರು.

"ಖಾಮೋಶ್! ಇವರು ನಮ್ಮವರು ಅನ್ನೋರು ಮಾತ್ರ ಕೈ ಎತ್ತಿ!"

ಅಂಗಳದಲ್ಲಿದ್ದ ಕೈಗಳೆಲ್ಲ ಮೇಲಕ್ಕೆ ಹೋದವು. ವಿಮಲಾರ ಕೈ, ಹರ್ಷಿಣಿಯ ಎರಡೂ ಕೈ, ಸೌಟುಗಳು, ಊರುಗೋಲುಗಳು. ದೇವೇಂದ್ರಪ್ಪನವರ ಕೈ ಎಲ್ಲಕ್ಕಿಂತ ಎತ್ತರದಲ್ಲಿತ್ತು. ಠಾಣೆಯ ಜಗಲಿಯಲ್ಲಿ ಚಹಾ ಕಪ್ಪು ಹಿಡಿದು ನಿಂತಿದ್ದ ಇಂದುಶೇಖರರು ಆ ಕೈಗಳ ಕಾಡನ್ನು ನೋಡಿದರು. ಗೆಲುವಿನ ಭಾಷಣ ಪೂರ್ತಿ ಮರೆತುಹೋಯಿತು.

ಆಗ ಕೆಂಪಣ್ಣನವರು ಕೆಮ್ಮಿದರು.

"ಸರ್ವಸದಸ್ಯರು ಹಾಜರಿದ್ದಾರೆ. ಅಭ್ಯರ್ಥಿಗಳಿಬ್ಬರೂ ಹಾಜರಿದ್ದಾರೆ. ಇಂದುಶೇಖರರ ಪರ ಕೈಗಳು ಎತ್ತಲ್ಪಟ್ಟಿವೆ. ಮತದಾನ ಎಲ್ಲಿ ನಡೀಬೇಕು ಅಂತ ನಿಯಮಾವಳಿಯಲ್ಲಿ ಬರೆದಿಲ್ಲ. ಇಂದುಶೇಖರರು ಸರ್ವಾನುಮತದಿಂದ ಆಯ್ಕೆಯಾಗಿದ್ದಾರೆ."

"ಏ ಕೆಂಪಣ್ಣಾ!" ಎಂದು ದೇವೇಂದ್ರಪ್ಪ ಕೂಗಿದರು. "ನಾನು ಗುರುತು ಹೇಳೋಕೆ ಕೈ ಎತ್ತಿದ್ದು!"

"ಯಾಕೆ ಎತ್ತಿದ್ರಿ ಅಂತ ಮತದಾರನನ್ನ ಕೇಳೋ ಹಾಗಿಲ್ಲ. ಗೌಪ್ಯ."

ದೇವೇಂದ್ರಪ್ಪ ಇನ್ನೂ ಎತ್ತಿಯೇ ಇದ್ದ ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ನಕ್ಕು, ಅದೇ ಕೈಯನ್ನು ಇಂದುಶೇಖರರ ಕೈಗೆ ಕೊಟ್ಟು ಕುಲುಕಿದರು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಎಲ್ಲರೂ ಬಿಸಿಬೇಳೆಬಾತಿನ ನೆನಪಾಗಿ ಹೊರಟೂ ಆಗಿತ್ತು. ಆದರೆ ದಹಿಯಾ "ಏಕ್ ಮಿನಿಟ್" ಎಂದು ಇಂದುಶೇಖರರನ್ನು ತಡೆದು ಒಳಗೆ ಕರೆದರು. ಅವರ ಕೈಯಲ್ಲಿ ಆ ಪೋಸ್ಟರ್ ಇತ್ತು.

"ಇದನ್ನ ಯಾರು ಮಾಡಿದ್ದು?"

"ನಾನೇ ಸಾರ್."

"ನಾವೂ ಅಂಟಿಸ್ತೀವಿ. ಯಾರೂ ತಿರುಗಿ ನೋಡಲ್ಲ. ನಿಮ್ಮನ್ನ ನೋಡಿ, ಕಳೆದುಹೋಗದೇ ಇದ್ರೂ ಜನ ಹುಡುಕಿ ಹುಡುಕಿ ಹಿಡ್ಕೊಂಡು ಬಂದ್ರು!"

ಗೋಡೆಯ ಪಕ್ಕದ ಬೆಂಚಿನ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಬೆಳಗಿನಿಂದ ಕುಳಿತಿದ್ದಳು. ಹೆಸರು ಸರೋಜ್. ಅವಳ ತಂದೆ ಹರ್‌ಬನ್ಸ್‌ಲಾಲ್ ಆ ವಾರವೇ ವಾಕಿಂಗಿಗೆಂದು ಹೋದವರು ಮನೆಗೆ ಬಂದಿರಲಿಲ್ಲ. ಮರೆವಿನ ಮನುಷ್ಯ. ಅವರಿಗಾಗಿ ಠಾಣೆಯವರು ಮಾಡಿಸಿದ್ದ ಪೋಸ್ಟರನ್ನು ದಹಿಯಾ ಮೇಜಿನ ಮೇಲಿಟ್ಟರು. ಅಂಚೆಚೀಟಿಯಷ್ಟು ಫೋಟೋ, ಸುತ್ತ ಇರುವೆ ಮುತ್ತಿದಂತೆ ಅಕ್ಷರ: ಎತ್ತರ, ಮೈಬಣ್ಣ, ದೂರಿನ ಸಂಖ್ಯೆ, ಠಾಣೆಯ ಪೂರ್ತಿ ವಿಳಾಸ. ಫೋನ್ ನಂಬರ್ ಎಲ್ಲಿದೆಯೆಂದು ಹುಡುಕಲು ಇನ್ನೊಂದು ಪೋಸ್ಟರ್ ಬೇಕಿತ್ತು.

ಇಂದುಶೇಖರರು ಸರೋಜಳ ಮುಖ ನೋಡಿದರು. ಖಾಲಿ ಜಾಗದ ಬಗ್ಗೆ ಭಾಷಣ ಮಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕರೆದರು. "ಹರ್ಷಿಣಿ, ಬಾಮ್ಮ. ನನ್ನದು ಅರ್ಧ, ನಿನಗೆ ಪೂರ್ತಿ ಗೊತ್ತಿದೆ. ಇದು ನಿಜವಾದ್ದು, ತಪ್ಪಬಾರದು."

ಹೊರಗೆ ವಿಮಲಾ ಊಟ ಆರುತ್ತಿದೆಯೆಂದು ಕೂಗುತ್ತಿದ್ದರೆ ಒಳಗೆ ಅಪ್ಪ ಮಗಳು ಪೊಲೀಸ್ ಮೇಜಿನ ಮೇಲೆ ಬಗ್ಗಿದ್ದರು. ದಹಿಯಾ ಪಕ್ಕದಲ್ಲಿ ನಿಂತು "ನಂಬರ್ ಇನ್ನೂ ದೊಡ್ಡದಾ?" ಎಂದು ಕೇಳುತ್ತಿದ್ದರು. ಹರ್ಷಿಣಿ ಸರೋಜಳ ಬಳಿಯಿದ್ದ ಫೋಟೋಗಳಲ್ಲಿ ಮುದುಕ ನಗುತ್ತಿದ್ದ ಒಂದನ್ನು ಆರಿಸಿದಳು. ಮೇಲೆ ಹಿಂದಿಯಲ್ಲಿ ಒಂದೇ ಸಾಲು ಬರೆಸಿದಳು: "ನಮ್ಮ ಅಪ್ಪ. ಕಂಡರೆ ಜೊತೆಗೆ ಕೂತು ಫೋನ್ ಮಾಡಿ." ಸಂಜೆಯ ಹೊತ್ತಿಗೆ ಹೊಸ ಕಾರ್ಯದರ್ಶಿಗಳು ಅದೇ ಗೋಂದಿನ ಡಬ್ಬಿ ಹಿಡಿದು ತಮ್ಮ ಮುಖದ ಮೇಲೆಯೇ ಹರ್‌ಬನ್ಸ್‌ಲಾಲರ ಮುಖ ಅಂಟಿಸುತ್ತಾ ನಡೆದರು. ಕೂಟದವರು ದಿಲ್ಲಿಯ ನಾಲ್ಕೂ ದಿಕ್ಕಿಗೆ ಪೋಸ್ಟರಿನ ಕಟ್ಟು ಹೊತ್ತುಕೊಂಡು ಹೋದರು. ದೇವೇಂದ್ರಪ್ಪನವರ ಕಾರು ಯಮುನೆ ದಾಟಿ ಗಾಜಿಯಾಬಾದ್‌ವರೆಗೂ ಹೋಯಿತು.

ಗಾಜಿಯಾಬಾದಿನ ಬಸ್ ನಿಲ್ದಾಣದ ಚಹಾದಂಗಡಿಯವನು ಸರೋಜಳಿಗೆ ಫೋನ್ ಮಾಡಿದ. "ಜೊತೆಗೇ ಕೂತಿದ್ದೀನಿ" ಎಂದ.

ಮುಂದಿನ ಭಾನುವಾರ 'ಪೋಸ್ಟರ್ ಮಾಡಿದ ಸಾಬ್'ಗೆ ಕೃತಜ್ಞತೆ ಹೇಳಲು ಸರೋಜ್ ತಂದೆಯನ್ನು ಕರೆದುಕೊಂಡು ಬಂದಳು. ಹರ್‌ಬನ್ಸ್‌ಲಾಲ್ ಮಗಳ ಕೈ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದರು. ಅವರಿಗೆ ಎಲ್ಲಿಗೆ ಬಂದಿದ್ದೇವೆಂಬುದೇ ತಿಳಿದಿರಲಿಲ್ಲ; ಮಗಳ ಹೆಸರೂ ಬರುತ್ತಿತ್ತು, ಹೋಗುತ್ತಿತ್ತು. ಇಂದುಶೇಖರರು ಹೊಸ ಸ್ವೆಟರ್ ಹಾಕಿಕೊಂಡು, ಕೂಟದ ಕಾರ್ಯದರ್ಶಿಗೆ ತಕ್ಕ ಗಾಂಭೀರ್ಯದಿಂದ ಬಾಗಿಲು ತೆರೆದರು.

ಮುದುಕ ಅವರನ್ನೇ ನೋಡುತ್ತಾ ನಿಂತ. ನೋಡುತ್ತಾ ನೋಡುತ್ತಾ ಮುಖ ಅರಳಿತು.

"ಓಯೇ! ಮಿಲ್ ಗಯಾ ತೂ?"

ಸಿಕ್ಕಿದೆಯಾ ನೀನು, ಎಂದವನೇ ಮಗಳ ಕೈ ಬಿಡಿಸಿಕೊಂಡು ಇಂದುಶೇಖರರನ್ನು ಬಿಗಿಯಾಗಿ ತಬ್ಬಿಕೊಂಡ. ತಬ್ಬಿಕೊಂಡೇ ಮಗಳ ಕಡೆ ತಿರುಗಿ ಪಂಜಾಬಿ ಬೆರೆತ ಹಿಂದಿಯಲ್ಲಿ ಹೇಳಿದ, "ಇವನೇ ಕಣೇ! ಗೋಡೆ ಗೋಡೆ ಮೇಲೂ ಇದ್ದ, ಪಾಪ. ಹೆದರಿಕೊಂಡಿದ್ದ. ಇವನ ಹೆಂಡತಿ ಕಾಯ್ತಿರ್ತಾಳೆ ಅಂತ ಇವನನ್ನ ಹುಡುಕ್ತಾ ಹುಡುಕ್ತಾನೇ ನಾನು ಅಷ್ಟು ದೂರ ಹೋಗಿಬಿಟ್ಟೆ!"

ಸರೋಜ್ ಬಾಯಿಗೆ ಸೆರಗು ಒತ್ತಿಕೊಂಡಳು. ಹರ್ಷಿಣಿ ತಲೆಯ ಮೇಲೆ ಕೈಯಿಟ್ಟು ಅಲ್ಲೇ ಕುಸಿದು ಕುಳಿತಳು. ವಿಮಲಾ ಮುಂದೆ ಬಂದು, "ಹೌದು ಬಾವೂಜಿ, ನಾನೇ ಹೆಂಡತಿ. ಒಳಗೆ ಬನ್ನಿ, ಇಬ್ಬರೂ ಸಿಕ್ಕಿದ್ದೀರಿ, ಸಾಕು" ಎಂದು ಮುದುಕನ ಬೆನ್ನು ಸವರಿದರು.

ಇಂದುಶೇಖರರು ಮಾತ್ರ ಮುದುಕನ ತೋಳುಗಳಿಂದ ಬಿಡಿಸಿಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲ. ಅವನ ಹೆಗಲ ಮೇಲಿನಿಂದ ಮುಖ ಹೊರಗೆ ಹಾಕಿ, ಕಣ್ಣೊರೆಸಿಕೊಳ್ಳಲು ಕೈ ಸಿಗದೆ ಹಾಗೇ ನೀರು ತುಂಬಿಕೊಂಡು, ಅಪಾರ ಹೆಮ್ಮೆಯಿಂದ ಹೇಳಿದರು:

"ಹರ್ಷಿಣಿ, ನಿನ್ನ ಪ್ರೊಫೆಸರಿಗೆ ಹೇಳಮ್ಮಾ. ಪೋಸ್ಟರ್ ನೋಡಿದವರು ಖುದ್ದಾಗಿ ಮನೆಗೇ ಬಂದು ತಬ್ಬಿಕೊಂಡಿದ್ದಾರೆ ಅಂತ."